ನಮ್ಮ ಬಿಂದಿಗೆ ಹೊತ್ತ ಖಾಲಾ

ಖಾಲಾರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕ ವಯಸ್ಸಿನಿಂದ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯುವ ಬಿಸಿನೀರಿಗೆ ಕೈ ಅದ್ದಿ ನೂಲು ಬಿಚ್ಚಿದ ಬೆರಳುಗಳವು. ಬಿಳಿಚಿಕೊಂಡು ನುಣುಪಾಗಿದ್ದವು, ಉಗುರಿನ ಪಕ್ಕದಲ್ಲಿ ಸದಾ ಸಿಪ್ಪೆ ಎದ್ದಿರುತ್ತಿತ್ತು. ಪಡಿತರ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಸುತರಾಂ ಒಪ್ಪುತ್ತಿರಲಿಲ್ಲ. ಅಂಗಡಿಯವನು ‘ಮುಂದಿನ ತಿಂಗಳು ಬನ್ನಿ’ ಅಂದರೆ ಇವರು ಜಗ್ಗುವವರಲ್ಲ. ಒಂದಾದ ಮೇಲೊಂದು ಬೆರಳು ಒತ್ತುವುದು, ಸೆರಗಿಗೆ ಒರೆಸುವುದು, ಮತ್ತೆ ಒತ್ತುವುದು. ಹಿಂದೆ ನಿಂತವರು ಗೊಣಗಿದರೆ ತಿರುಗಿ, “ಮಿಷಿನ್ನಿಗೆ ನನ್ನ ಗುರ್ತು ಸಿಗ್ತಿಲ್ಲ. ನಿಮ್ಗೆ ಸಿಗ್ತದಲ್ಲ, ನೀವೇ ಹೇಳಿ ಅವನಿಗೆ” ಅನ್ನುವರು. ಕೊನೆಗೆ ಅಂಗಡಿಯವನೇ ಸೋತು, ಅವರ ಮೊಬೈಲಿಗೆ ಒಟಿಪಿ ನಂಬರು ತರಿಸಿಕೊಂಡು ಅಕ್ಕಿ ಕೊಟ್ಟು ಕಳಿಸುತ್ತಿದ್ದ.

ಖಾಲಾ ಅಂದರೆ ಉರ್ದುವಿನಲ್ಲಿ ತಾಯಿಯ ಅಕ್ಕತಂಗಿ. ನಮಗೆ ಅವರು ಮನೆಯ ಓನರು. ಬಡಾವಣೆಯ ಉಳಿದವರಿಗೆ ಬೂಬಮ್ಮ.

ನಮ್ಮ ಬಡಾವಣೆ ಇರುವುದು ಚಿಕ್ಕಬಳ್ಳಾಪುರಕ್ಕೂ ನಂದಿಗೂ ನಡುವೆ. ಬೆಂಗಳೂರು ಬೆಳೆದು ಬೆಳೆದು ಬೆಟ್ಟದ ಬುಡಕ್ಕೆ ಬಂದಾಗ ದ್ರಾಕ್ಷಿ ತೋಟ ಕಿತ್ತು ಸೈಟು ಮಾಡಿದ ಜಾಗ. ಮುಂದೆ ದೊಡ್ಡ ಕಮಾನು, ಅದರ ಮೇಲೆ ಯಾರ ಬಾಯಲ್ಲೂ ಹೊರಳದ ಇಂಗ್ಲಿಷ್ ಹೆಸರು. ಒಳಗೆ ಅರ್ಧ ಮನೆ, ಅರ್ಧ ಪಾರ್ಥೇನಿಯಂ. ಖಾಲಿ ಸೈಟುಗಳಲ್ಲಿ ಹಳೇ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳು ಇನ್ನೂ ನಿಂತಿದ್ದವು, ಜನ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಬೆಳಿಗ್ಗೆ ಬೀದಿಗೆ ಬೀದಿಯೇ ಬೆಂಗಳೂರಿನ ಕಡೆ ಕೆಲಸಕ್ಕೆ ಓಡುತ್ತಿತ್ತು.

ಅಪ್ಪನಿಗೆ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರದ ಕಚೇರಿಗೆ ವರ್ಗವಾದಾಗ ನಾನು ಎರಡನೇ ಪಿಯುಸಿ. ಬಾಡಿಗೆ ಮನೆ ಹುಡುಕಲು ಅಪ್ಪ, ಅಮ್ಮ, ನಾನು ಮೂವರೂ ಈ ಬಡಾವಣೆ ಸುತ್ತಿದೆವು. ಎಲ್ಲರೂ ಬಹಳ ಮರ್ಯಾದಸ್ಥರು. ಕೂರಿಸಿ ನೀರು ಕೊಟ್ಟು, ಅಪ್ಪನ ಕೆಲಸ ಕೇಳಿ ತಲೆದೂಗಿ, ಆಮೇಲೆ “ನಿಮ್ಮದು ಯಾವ ಜನ?” ಅನ್ನುವರು. ಅಪ್ಪ ಸುಳ್ಳು ಹೇಳುವವರಲ್ಲ. ಹೇಳಿದ ಕೂಡಲೇ ಮನೆಗೆ ನಿನ್ನೆಯೇ ಅಡ್ವಾನ್ಸ್ ಕೊಟ್ಟವರು ಯಾರೋ ಇದ್ದಾರೆಂದು ಅವರಿಗೆ ನೆನಪಾಗುತ್ತಿತ್ತು. ಗೇಟಿನ ಮೇಲೆ ‘ಬಾಡಿಗೆಗಿದೆ’ ಬೋರ್ಡು ಮಾತ್ರ ಹಾಗೇ ತೂಗುತ್ತಿತ್ತು. ನನಗೆ ಅಳುವಲ್ಲ, ಮೈಯೆಲ್ಲ ಉರಿ ಬರುತ್ತಿತ್ತು.

ಸುತ್ತಿ ಸಾಕಾಗಿ ಕೊನೆಯ ಬೀದಿಯ ಮೂಲೆಮನೆಗೆ ಬಂದಾಗ, ಅಪ್ಪ ಈ ಸಲ ಕೂರುವ ಮೊದಲೇ, “ಅಮ್ಮಾ, ಮೊದಲೇ ಹೇಳ್ಬಿಡ್ತೀನಿ. ನಾವು ಹೊಲೇರು. ಈಗ ಬೌದ್ಧರು” ಅಂದುಬಿಟ್ಟರು.

ಖಾಲಾ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಿ, “ನಾನು ಅದು ಕೇಳಿಲ್ವಲ್ಲಪ್ಪ. ಟೀವಿ ಜೋರಾಗಿ ಹಾಕ್ತೀರಾ? ಎರಡು ಮನೆಗೂ ಗೋಡೆ ಒಂದೇ” ಎಂದರು.

ಟೀವಿ ಅಷ್ಟಾಗಿ ನೋಡುವುದಿಲ್ಲ ಅಂತ ಅಮ್ಮ ಹೇಳಿದಳು. ಖಾಲಾ ಎದ್ದು ಬೀಗದಕೈ ತಂದರು.

ನಾವು ಸಾಮಾನು ತಂದ ದಿನ ಅವರೊಂದು ಎಡವಟ್ಟು ಮಾಡಿದರು. ಹಿಂದಿನ ಬಾಡಿಗೆಯವರು ಬರುತ್ತಲೇ ಹಾಲುಕ್ಕಿಸಿದ್ದರಂತೆ. ಅದನ್ನು ನೆನಪಿಟ್ಟು, ಹೊಸ ಪಾತ್ರೆ, ಹಾಲು, ಬಾಗಿಲಿಗೆ ಮಾವಿನ ಸೊಪ್ಪು ಎಲ್ಲ ಅಣಿಮಾಡಿ ನಿಂತಿದ್ದರು. ನಮ್ಮ ಮನೆಯಲ್ಲಿ ಅಪ್ಪ ಇಂಥವನ್ನೆಲ್ಲ ಬಿಟ್ಟು ಎಷ್ಟೋ ಕಾಲವಾಗಿತ್ತು. “ನಾವು ಇದೆಲ್ಲ...” ಎಂದು ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಣ್ಣಲ್ಲೇ ಗದರಿ, ಪಾತ್ರೆ ತೆಗೆದುಕೊಂಡು ಒಲೆ ಹಚ್ಚಿದಳು. ಹಾಲು ಉಕ್ಕಿತು. ಖಾಲಾ ಗೋಡೆಗೆ ಒರಗಿಸಿಟ್ಟಿದ್ದ ಬುದ್ಧನ ಚಿತ್ರ ನೋಡಿ, “ಇವ್ರು ಯಾವ ದೇವ್ರು?” ಎಂದರು.

“ದೇವ್ರಲ್ಲಮ್ಮ, ಗುರುಗಳು” ಎಂದರು ಅಪ್ಪ.

“ಹಂಗಾದ್ರೆ ಸರಿ. ಗುರುಗಳಿಗೂ ಒಂದ್ ಲೋಟ ಕೊಡ್ರಿ.”

ಅಪ್ಪ ನಕ್ಕಿದ್ದನ್ನು ಆ ತಿಂಗಳಲ್ಲಿ ನಾನು ಮೊದಲ ಸಲ ನೋಡಿದೆ.

ಖಾಲಾ ಈ ಬಡಾವಣೆಗೆ ಬಂದದ್ದೂ ಸಲೀಸಾಗಿ ಅಲ್ಲ. ಗಂಡ ತೀರಿಕೊಂಡ ಮೇಲೆ ಶಿಡ್ಲಘಟ್ಟದಲ್ಲಿದ್ದ ತಮ್ಮ ನೂಲು ಬಿಚ್ಚುವ ರೀಲಿಂಗ್ ಘಟಕವನ್ನು ಮಾರಿ ಸೈಟು ಕೇಳಲು ಬಂದಾಗ, ಅವರ ಬುರ್ಖಾ ಕಂಡೊಡನೆ ಸೈಟುಗಳೆಲ್ಲ ಬುಕ್ ಆಗಿಬಿಟ್ಟಿದ್ದವು. ಖಾಲಾ ಬುತ್ತಿ ಕಟ್ಟಿಕೊಂಡು ಬಂದು ಸೈಟು ಮಾರುವವರ ಕಚೇರಿಯಲ್ಲಿ ದಿನವೂ ಕೂತರಂತೆ. ಬಂದ ಗಿರಾಕಿಗಳಿಗೆ ತೋರಿಸಲು ನಕ್ಷೆ ಬಿಚ್ಚಿದಾಗಲೆಲ್ಲ ಇವರೂ ಬಗ್ಗಿ ನೋಡಿ, “ಓ, ಇದೊಂದು ಖಾಲಿ ಐತಾ?” ಅನ್ನುತ್ತಿದ್ದರಂತೆ. ಹಾಗೆ ಸಿಕ್ಕಿದ್ದು ಮೂಲೆ ಸೈಟು. ಮಗ ಚಿಂತಾಮಣಿಯಲ್ಲಿ ಅಂಗಡಿ ಇಟ್ಟು ಅಲ್ಲೇ ಸಂಸಾರ ಮಾಡಿಕೊಂಡಿದ್ದ. ಕರೆದರೂ ಇವರು ಹೋಗಲಿಲ್ಲ, ಕಷ್ಟಪಟ್ಟು ಸಿಕ್ಕ ಜಾಗ ಬಿಡಲು ಮನಸ್ಸಿರಲಿಲ್ಲ.

ನಾವು ಬಂದು ಒಂದು ತಿಂಗಳೂ ಆಗಿರಲಿಲ್ಲ, ಬಡಾವಣೆ ಸಂಘದ ಅಧ್ಯಕ್ಷರು ಖಾಲಾರ ಬಾಗಿಲಿಗೆ ಬಂದರು. ನಿವೃತ್ತ ಅಧಿಕಾರಿ, ಗರಿಗರಿ ಬಿಳಿ ಅಂಗಿಯ ಮನುಷ್ಯ. ನಾನು ಗೋಡೆಯ ಈಚೆ ಓದುತ್ತಾ ಕೂತಿದ್ದೆ, ಎಲ್ಲವೂ ಕೇಳುತ್ತಿತ್ತು.

“ನೀವಿದ್ದೀರಿ, ಪರವಾಗಿಲ್ಲ ಬೂಬಮ್ಮ. ಬಾಡಿಗೆ ಕೊಡೋವಾಗ ಸಂಘನ ಒಂದ್ ಮಾತು ಕೇಳ್ಬೇಕಿತ್ತು.”

“ಮನೆ ಕಟ್ಟೋವಾಗ ಸಂಘ ಇಟ್ಟಿಗೆ ಹೊತ್ತಿತ್ತಾ ಸಾರ್?”

“ಹಂಗಲ್ಲ. ನಾಳೆ ಜನ ಸೈಟ್ ತಗೊಳಕ್ಕೆ ಹಿಂದೆಮುಂದೆ ನೋಡ್ತಾರೆ. ಆ ಹುಡುಗಿ ಪರೀಕ್ಷೆ ಮುಗಿಯೋದ್ರೊಳಗೆ ಬೇರೆ ಕಡೆ ನೋಡ್ಕೊಳಕ್ಕೆ ಹೇಳಿ. ನಾನು ಕೆಟ್ಟವನಾಗೋದು ಬೇಡ.”

“ನೀವು ಆಗಬೇಡಿ ಸಾರ್. ನಾನೂ ಹೇಳಲ್ಲ.”

ಅಷ್ಟೇ ಮಾತು. ಎರಡು ದಿನದಲ್ಲಿ ನಮ್ಮ ನಲ್ಲಿ ನಿಂತಿತು. ಬಡಾವಣೆಗೆಲ್ಲ ಒಂದೇ ಬೋರ್‌ವೆಲ್ಲು, ಪ್ರತಿ ಮನೆಯ ಗೇಟಿನ ಮುಂದೆ ಒಂದೊಂದು ವಾಲ್ವು. ನಮ್ಮ ವಾಲ್ವಿಗೆ ಬೀಗ ಬಿದ್ದಿತ್ತು. ಎರಡು ಮನೆಗೂ ಅದೊಂದೇ ಪೈಪು, ಹಾಗಾಗಿ ಖಾಲಾರಿಗೂ ನೀರಿಲ್ಲ. ನೀರು ಬಿಡುವವನನ್ನು ಕೇಳಿದರೆ ಮುಖ ತಪ್ಪಿಸಿ, “ಮೇಲಿಂದ ಹೇಳವ್ರೆ ಸಾರ್” ಅಂದ.

ಅಪ್ಪ ಆ ಸಂಜೆ ಖಾಲಾರ ಮುಂದೆ ಕೂತು, ಊರೊಳಗೆ ಎಲ್ಲಾದರೂ ಒಂದು ಕೋಣೆ ನೋಡಿಕೊಳ್ಳುತ್ತೇವೆ, ನಿಮಗ್ಯಾಕೆ ತೊಂದರೆ ಎಂದರು. ಅಮ್ಮ ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದ್ದಳು. ನನ್ನ ಪರೀಕ್ಷೆ ಹತ್ತಿರದಲ್ಲಿತ್ತು. ಈ ಮನೆ ತಪ್ಪಿದರೆ ಮತ್ತೆ ಗೇಟಿನಿಂದ ಗೇಟಿಗೆ ಅದೇ ಪ್ರಶ್ನೆಗೆ ಉತ್ತರ ಹೇಳುತ್ತಾ ಅಲೆಯಬೇಕು ಅನ್ನುವುದು ಮೂವರಿಗೂ ಗೊತ್ತಿತ್ತು.

“ಎಲ್ಲಿಗೆ ಹೋಗ್ತೀರಿ?” ಎಂದರು ಖಾಲಾ. “ಆ ಬೀದೀಲಿ ಒಬ್ರು ಅಧ್ಯಕ್ಷ್ರು ಇರಲ್ವಾ?”

“ಟ್ಯಾಂಕರ್ ಆದ್ರೂ ತರಿಸ್ಲಾ ಅಮ್ಮ?” ಎಂದರು ಅಪ್ಪ.

“ನಕ್ಕೋ, ಬೇಡ. ಟ್ಯಾಂಕರ್ ತರಿಸಿದ್ರೆ ನೀರು ಬರ್ತದೆ, ಬೀಗ ಹಂಗೇ ಇರ್ತದೆ.”

ಮರುದಿನ ಬೆಳಿಗ್ಗೆ ಖಾಲಾ ನಮ್ಮ ಅಡುಗೆಮನೆಗೆ ಬಂದು ಅಮ್ಮನ ಸ್ಟೀಲ್ ಬಿಂದಿಗೆ ಎತ್ತಿಕೊಂಡರು. ಅವರ ಮನೆಯಲ್ಲಿ ಬಿಂದಿಗೆಗಳಿಗೆ ಬರವಿರಲಿಲ್ಲ. ಮಂಡಿನೋವಿಗೆ ಕುಂಟುತ್ತಾ ನೇರ ಅಧ್ಯಕ್ಷರ ಗೇಟು ತೆರೆದು ಒಳಗೆ ಹೋದರು. ನಾನು ಹಿಂದೆಯೇ ಇದ್ದೆ. ಅವರ ಅಂಗಳದ ಮೂಲೆಯಲ್ಲಿ ಗಿಡಗಳಿಗೆಂದು ಒಂದು ನಲ್ಲಿ. ಅಧ್ಯಕ್ಷರ ಹೆಂಡತಿ ಹೊರಗೆ ಬಂದು ಬಿಂದಿಗೆ ನೋಡಿದರು, ಹಿಂದೆ ನಿಂತ ನನ್ನನ್ನೂ ನೋಡಿದರು, ಅದು ಯಾರದೆಂದು ತಿಳಿಯಿತು. ಒಳಗಿಂದ ಚೊಂಬಿನಲ್ಲಿ ನೀರು ತಂದು, “ಕೆಳಗಿಡಿ, ಮೇಲಿಂದ ಹಾಕ್ತೀನಿ” ಎಂದರು.

“ಚೊಂಬಿನಲ್ಲಿ ಎಷ್ಟೊತ್ತು ಹಾಕ್ತೀಯಮ್ಮ? ಕೈ ನೋಯ್ತದೆ. ನಲ್ಲಿ ಐತಲ್ಲ” ಎನ್ನುತ್ತಾ ಖಾಲಾ ಬಿಂದಿಗೆಯನ್ನು ನಲ್ಲಿಯ ಬಾಯಿಗೆ ತಾಗುವಂತೆ ಇಟ್ಟು ತಿರುಗಿಸಿದರು.

ವಾಪಸ್ಸು ಬರುವಾಗ ನಡುಬೀದಿಯಲ್ಲಿ ನಡೆದರು. ರಂಗೋಲಿ ಹಾಕುತ್ತಿದ್ದವರು, ಪೇಪರು ಓದುತ್ತಿದ್ದವರು ಕೇಳದೆ ಬಿಡುತ್ತಾರೆಯೇ? “ಏನ್ ಬೂಬಮ್ಮ, ಈ ವಯಸ್ಸಲ್ಲಿ ನೀರು ಹೊರ್ತಿದ್ದೀರಿ?”

“ಅಧ್ಯಕ್ಷರ ಮನೆ ನೀರಮ್ಮ. ನಮ್ಮ ಬಾಡಿಗೆಯೋರಿಗೆ. ಬಾಳ ಒಳ್ಳೆ ಮನುಷ್ರು, ಇಲ್ಲ ಅನ್ನಲ್ಲ.”

ಪ್ರತಿ ಗೇಟಿನಲ್ಲೂ ಇದೇ ಹೊಗಳಿಕೆ. ನನಗೆ ನಗು ತಡೆಯಲಾಗಲಿಲ್ಲ. ಅವರು ಮಾತ್ರ ಒಂಚೂರೂ ನಗಲಿಲ್ಲ.

ಹೀಗೆ ದಿನಾ ಬೆಳಿಗ್ಗೆ ನಡೆಯಿತು. ಅಧ್ಯಕ್ಷರ ಮನೆಗೆ ನೆಂಟರು ಬಂದ ಭಾನುವಾರ ಖಾಲಾ ಒಂದು ಬಿಂದಿಗೆ ಹೆಚ್ಚೇ ಹೊತ್ತರು. ಅಧ್ಯಕ್ಷರು ಗೇಟಿಗೆ ಬಂದು ಮೆಲ್ಲಗೆ, “ಸಾಕು ಬೂಬಮ್ಮ” ಎಂದರು. “ಎಲ್ಲಿ ಸಾಕು ಸಾರ್? ಹುಡುಗಿ ತಲೆಸ್ನಾನಕ್ಕೆ ಬೇಕು” ಎಂದು ಇವರು ನಡೆದರು.

ಒಂದು ಬೆಳಿಗ್ಗೆ ಅಮ್ಮನನ್ನು ಕರೆದರು. “ಇವತ್ತು ನೀನೂ ಬಾ.”

ಅಮ್ಮ ಅಲ್ಲಾಡಲಿಲ್ಲ. ಅವಳು ಹುಟ್ಟಿ ಬೆಳೆದದ್ದು ನಗರಗೆರೆ ಕಡೆಯ ಹಳ್ಳಿಯಲ್ಲಿ. ಅಲ್ಲಿಯ ಬಾವಿ ಹತ್ತಿರ ಕೊಡ ಹಿಡಿದು ದೂರ ನಿಂತು, ಯಾರಾದರೂ ಕನಿಕರಿಸಿ ನೀರು ಹುಯ್ಯಲಿ ಎಂದು ಕಾದವಳು. ನನಗೆ ಅದನ್ನು ಎಂದೂ ಹೇಳಿರಲಿಲ್ಲ. ಅವತ್ತು ಖಾಲಾರಿಗೆ ಹೇಳಿದಳು. “ನಂಗೆ ಆ ನಲ್ಲಿ ಹತ್ರ ಹೋಗಕ್ಕೆ ಕಾಲೇ ಬರಲ್ಲ ಖಾಲಾ. ಬೈದ್ರೆ ಏನ್ ಮಾಡ್ಲಿ?”

ಖಾಲಾ ಬಿಂದಿಗೆಯನ್ನು ಅಮ್ಮನ ಕೈಗಿಟ್ಟರು. “ಬೈದ್ರೆ ನಾನೂ ಬೈಸ್ಕೊತೀನಿ. ನಾನಿಲ್ದಾಗ ನಿನ್ನ ಬಿಂದಿಗೆ ಯಾರು ಹೊರ್ತಾರೆ? ನಡಿ, ಹೋಗಣ.”

ಅಮ್ಮ ಹೋದಳು. ಗೇಟಿನ ಒಳಗೆ ಕಾಲಿಡುವಾಗ ಅವಳ ಕುತ್ತಿಗೆ ಬೆವರಿತ್ತು. ಖಾಲಾ ಬೇಕೆಂದೇ ಹಿಂದೆ ಉಳಿದರು. ಅಮ್ಮ ತನ್ನ ಕೈಯಿಂದಲೇ ಬಿಂದಿಗೆ ಇಟ್ಟು, ತನ್ನ ಕೈಯಿಂದಲೇ ನಲ್ಲಿ ತಿರುಗಿಸಿದಳು. ಅಧ್ಯಕ್ಷರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನೀರು ಸಣ್ಣಗೆ ಬರುತ್ತಿತ್ತು. ಆಕೆ ಇಳಿದು ಬಂದರು. ಆಕೆ ಬಗ್ಗಿ ಗಿಡಗಳ ಕಡೆ ಹೋಗುವ ಪೈಪಿನ ತಿರುಪು ಮುಚ್ಚಿ, “ಈಗ ಜೋರಾಗಿ ಬರ್ತದೆ” ಎಂದು ಒಳಗೆ ಹೋದರು.

ಆ ವಾರದಲ್ಲೇ ಒಂದು ಬೆಳಿಗ್ಗೆ ನಮ್ಮ ವಾಲ್ವಿನ ಬೀಗ ಇರಲಿಲ್ಲ. ಯಾರು ತೆಗೆದರೋ, ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ನಾನು ಪರೀಕ್ಷೆ ಬರೆದೆ. ಆಮೇಲೆ ಡಿಗ್ರಿ, ಎಂ.ಎ. ಎಲ್ಲ ಆ ಗೋಡೆಯ ಪಕ್ಕದಲ್ಲೇ ಓದಿದೆ. ಈಗ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅಧ್ಯಕ್ಷರು ನಮ್ಮನ್ನು ಕಂಡರೆ ಇವತ್ತಿಗೂ ಫೋನು ನೋಡುತ್ತಾ ನಡೆಯುತ್ತಾರೆ. ಅವರು ಬದಲಾದರು ಅಂತ ಬರೆದು ಯಾರಿಗೂ ಸಮಾಧಾನ ಮಾಡುವ ಆಸೆ ನನಗಿಲ್ಲ. ನಾವು ಮಾತ್ರ ಅಲ್ಲೇ ಇದ್ದೇವೆ.

ಕಳೆದ ಚಳಿಗಾಲದಲ್ಲಿ ಖಾಲಾ ಹೋದರು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿತ್ತು. ಕೊನೆಯ ದಿನಗಳಲ್ಲಿ ಅಮ್ಮ ಅವರ ಮನೆಯಲ್ಲೇ ಮಲಗುತ್ತಿದ್ದಳು. ಅವರಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಯವರೋ ನೆಂಟರೋ ಊಟ ತರಬೇಕು. ಶಿಡ್ಲಘಟ್ಟ, ಚಿಂತಾಮಣಿಗಳಿಂದ ನೆಂಟರು ಬಂದು ಮನೆ ತುಂಬಿತ್ತು. ಅಮ್ಮ ಯಾರನ್ನೂ ಕೇಳಲಿಲ್ಲ, ನಮ್ಮ ಮನೆಯಲ್ಲಿ ದೊಡ್ಡ ಪಾತ್ರೆ ಇಟ್ಟಳು. ಅವರೆಕಾಯಿಯ ಕಾಲ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ನಡುಮನೆಗೆ ಬಂದು ಚಾಪೆಯ ಮೇಲೆ ಕೂತು, ನೆನೆದ ಕಾಳು ಹಿದುಕಿ ಕೊಟ್ಟರು. ಅಧ್ಯಕ್ಷರ ಹೆಂಡತಿಯೂ ಬಂದು ಅಮ್ಮನ ಪಕ್ಕದಲ್ಲಿ ಕೂತರು.

ಮಣ್ಣು ಮಾಡಿ ಬಂದ ಗಂಡಸರು ಊಟಕ್ಕೆ ಕೂತಾಗ ನಾನೂ ಅಮ್ಮನೂ ಅನ್ನ, ಸಾರು ಹೊತ್ತು ಅತ್ತ ಹೋದೆವು. ನೆಂಟರಲ್ಲಿ ಒಬ್ಬ ಮುದುಕರು ಖಾಲಾರ ಮಗನನ್ನು ಉರ್ದುವಿನಲ್ಲಿ, ಈ ಊಟ ಯಾರ ಮನೆಯಿಂದ ಬಂತು ಎಂದು ಕೇಳಿದರು. ಅವನು ಅಮ್ಮನ ಕಡೆ ನೋಡಿದ.

“ಘರ್ ಕೇಚ್ ಲೋಗಾಂ” ಎಂದ. ಮನೆಯವರೇ.

ಅಷ್ಟು ಉರ್ದು ಅಮ್ಮನಿಗೆ ಬರುತ್ತದೆ. ಖಾಲಾರ ಸಾವಿಗೆ ಅಲ್ಲಿಯವರೆಗೂ ಅಳದೆ ಗಟ್ಟಿಯಾಗಿದ್ದವಳು ಸಾರಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಆ ಮನೆಯ ನಡುವೆಯೇ ಕೂತು ಅತ್ತಳು.