ಕರಿಬೇವಿನ ಗಿಡ ಕುಡಿದ ಕಟ್ಟು

ನಮ್ಮ ಮನೆಯಲ್ಲಿ ನೀರು ಮೋರಿಗೆ ಹೋಗುವುದಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಪಾತ್ರೆ ಗಲಬರಿಸಿದ್ದು ಬಾಳೆಗೆ, ಸ್ನಾನದ್ದು ತೆಂಗಿಗೆ. ಇದು ಅವ್ವನ ಕಾನೂನು. ಹೊರಗೆ ನಾನು ಶಿರಾದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಹಿತ್ತಲಿಗೆ ಬಂದರೆ ಬಕೆಟ್ ಹೊರುವ ಆಳು. ಮದುವೆ ಗಿದುವೆ ಅಂತ ಆಗದ್ದರಿಂದ ಮನೆಯಲ್ಲಿ ನಾವಿಬ್ಬರೇ. ಹಾಗಾಗಿ ಐವತ್ತರ ಹತ್ತಿರ ಬಂದರೂ ನನಗೆ ಆ ಕೆಲಸದಿಂದ ಬಡ್ತಿ ಸಿಕ್ಕಿಲ್ಲ.

ಹೋದ ವರ್ಷ ಯುಗಾದಿಗೆ ಹದಿನೈದು ದಿನ ಇದೆ ಅನ್ನುವಾಗ ಅವ್ವ ದೋಟಿ ಹಿಡಿದು ನುಗ್ಗೇಕಾಯಿ ಎಳೆಯಲು ಹೋಗಿ ಬಿದ್ದು ಬಲಗೈ ಮುರಿದುಕೊಂಡಳು. ನುಗ್ಗೇಕಾಯಿ ಮಾತ್ರ ಬೀಳಲಿಲ್ಲ. ಮೊಣಕೈವರೆಗೆ ಬ್ಯಾಂಡೇಜು ಹಾಕಿಸಿಕೊಂಡು ಬಂದವಳೇ, "ಈ ಸಲ ಹೋಳಿಗೆ ಬ್ಯಾಡ ಬುಡು. ಅಂಗ್ಡೀಲಿ ತಂದು ಎಡೆ ಇಕ್ಕಾನ" ಅಂದಳು.

ಹೋಳಿಗೆಯೇನೋ ಅಂಗಡಿಯಲ್ಲಿ ಸಿಗುತ್ತದೆ, ಹೋಳಿಗೆ ಸಾರು ಸಿಗುವುದಿಲ್ಲ. ನಿಡುಗಲ್ಲಿನಿಂದ ನಮ್ಮ ಸೋದರತ್ತೆ, ಅಂದರೆ ಅಪ್ಪನ ತಂಗಿ, ಪ್ರತಿ ಯುಗಾದಿಗೂ ಎರಡು ಬಸ್ಸು ಬದಲಾಯಿಸಿ ಬರುವುದು ಆ ಸಾರಿಗೇ. ಬಂದು, ಉಂಡು, ಕೈ ತೊಳೆದು, "ಪರವಾಗಿಲ್ಲ" ಅನ್ನುತ್ತಾಳೆ. ಅವ್ವ ಮದುವೆಯಾಗಿ ಬಂದಾಗಿನಿಂದ ಅದೊಂದೇ ಮಾತು. ಅವಳ ಬಾಯಿಂದ ಅದಕ್ಕಿಂತ ಒಂದು ಪದ ಹೆಚ್ಚು ಕೇಳಬೇಕೆಂದು ಅವ್ವ ವರ್ಷವಿಡೀ ಧನಿಯಾ, ಮೆಣಸಿನಕಾಯಿ ಆರಿಸಿ ಒಣಗಿಸುತ್ತಾಳೆ. ಅದು ನನಗೆ ಗೊತ್ತಿತ್ತು. ಅದಕ್ಕೇ, ನಾನೇ ಮಾಡುತ್ತೇನೆ ಅಂದುಬಿಟ್ಟೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ ಮಾನ ನಿನ್ ಕೈಲೈತೆ ಕಣ್ಲಾ."

ಹಬ್ಬದ ಬೆಳಿಗ್ಗೆ ಅವಳು ಪಡಸಾಲೆಯ ಕುರ್ಚಿಯಲ್ಲಿ ಕೂತು ಅಲ್ಲಿಂದಲೇ ಆಜ್ಞೆ ಹೊರಡಿಸಿದಳು. ಬೇಳೆ ಹಿಸುಕಿದರೆ ಮುರಿಯಬೇಕು, ಕರಗಬಾರದು. ಕಣಕಕ್ಕೆ ಎಣ್ಣೆ ಹಾಕುವಾಗ ಕೈ ಹಿಂದೆಗೆಯಬಾರದು. ನಾನು ಬೇಳೆ ಬೇಯಿಸಿ, ಬುಟ್ಟಿಗೆ ಬಸಿದು, ಬೆಲ್ಲ ಹಾಕಿ ಕಾಯಿಸಿ, ಹೂರಣ ರುಬ್ಬಿದೆ. ಹೂರಣ ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ನನ್ನ ಮೇಲೆ ಗೌರವ ಹುಟ್ಟಿತು. ಆ ಗೌರವದಲ್ಲೇ ಅಡುಗೆಮನೆ ಚೊಕ್ಕ ಮಾಡಿದೆ. ಪಾತ್ರೆಯಲ್ಲಿ ತಣ್ಣಗೆ ಕೂತಿದ್ದ ನೀರನ್ನು ಎತ್ತಿಕೊಂಡು ಹೋಗಿ ಕರಿಬೇವಿನ ಬುಡಕ್ಕೆ ಸುರಿದು ಬಂದೆ.

"ಕಟ್ಟು ಒಲೆ ಮೇಲಿಕ್ಕು ಇನ್ನ" ಅಂತ ಪಡಸಾಲೆಯಿಂದ ಕೂಗು ಬಂತು.

ಕಟ್ಟು ಅಂದರೆ ಬೇಳೆ ಬಸಿದ ನೀರು. ಅದಿಲ್ಲದೆ ಹೋಳಿಗೆ ಸಾರಿಲ್ಲ. ಅವ್ವ ನನಗೆ ನೂರೆಂಟು ಹೇಳಿದ್ದಳು, ಕಟ್ಟು ಚೆಲ್ಲಬೇಡ ಅಂತ ಮಾತ್ರ ಹೇಳಿರಲಿಲ್ಲ. ಅದನ್ನು ಚೆಲ್ಲುವವನೂ ಒಬ್ಬನಿರುತ್ತಾನೆ ಅಂತ ಅವಳಿಗೆ ಹೇಗೆ ಹೊಳೆಯಬೇಕು? ನನಗೆ ಅಳು ಬರುವುದೊಂದು ಬಾಕಿ. ಅತ್ತೆಯ ಬಸ್ಸು ಆಗಲೇ ಪಾವಗಡ ಬಿಟ್ಟಿತ್ತು.

"ಇಟ್ಟೆ" ಅಂತ ಸುಳ್ಳು ಹೇಳಿ, ಚೊಂಬನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಆಚೆ ಬಿದ್ದೆ. ಅವ್ವ ಹಬ್ಬದ ದಿನ ಯಾರ ಮನೆಯಲ್ಲೂ ಒಂದು ಎಸಳು ಕೊತ್ತಂಬರಿಯನ್ನೂ ಕೇಳಿದವಳಲ್ಲ. ಆದರೆ ಅವತ್ತು ಬೀದಿಯ ಪ್ರತಿ ಮನೆಯಲ್ಲೂ ಬೇಳೆ ಬಸಿದಿರುತ್ತಾರೆ. ಪಕ್ಕದ ಮನೆಯಾಕೆ ಹೋಳಿಗೆಗೆ ಕಡಲೆಬೇಳೆ ಹಾಕುವವರು, ಎರಡು ಸೌಟು ಕೊಟ್ಟರು. ಅದರಾಚೆಯ ಮನೆಯವರದು ಹೆಸರುಬೇಳೆ. "ಗಿಡಕ್ಕಾ? ಮೇಷ್ಟ್ರೇ, ಮಕ್ಕಳಿಗೂ ಇಂಗೇ ಪಾಠ ಮಾಡ್ತೀರಾ?" ಅಂತ ಕೇಳುತ್ತಲೇ ಬಗ್ಗಿಸಿದರು. ಮೂಲೆಮನೆಯ ಅಜ್ಜಿ ಏನೂ ಕೇಳದೆ ಗಟ್ಟಿ ತೊಗರಿ ಕಟ್ಟನ್ನು ಚೊಂಬು ತುಂಬ ಹುಯ್ದು, ನಾನು ಗೇಟು ದಾಟಿದ ಮೇಲೆ ಮನಸಾರೆ ನಕ್ಕಳು. ಮೂರೂ ಮನೆಯ ಕಟ್ಟನ್ನು ಒಂದೇ ಪಾತ್ರೆಗೆ ಸುರಿದು, ಅವ್ವ ಒಣಗಿಸಿಟ್ಟ ಧನಿಯಾ, ಮೆಣಸಿನಕಾಯಿ, ಸುಟ್ಟ ಈರುಳ್ಳಿ, ಕೊಬ್ಬರಿ, ಒಂದು ಹಿಡಿ ಹೂರಣ ರುಬ್ಬಿ ಹಾಕಿ ಕುದಿಸಿದೆ. ಆ ಕರಿಬೇವನ್ನೇ ಕಿತ್ತು ಒಗ್ಗರಣೆ ಕೊಟ್ಟೆ.

ಮಧ್ಯಾಹ್ನ ಅತ್ತೆ ಬಂದಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದಳು. ಇನ್ನೊಂದು ಸಲ ಬಡಿಸಿಕೊಂಡಳು. ಆಮೇಲೆ ಬಟ್ಟಲೆತ್ತಿ ಕುಡಿದೇಬಿಟ್ಟಳು.

"ಶಾನಾ ಬಾಗೈತೆ ಕಣಯ್ಯಾ" ಅಂದಳು. ನಿಡುಗಲ್ ಕಡೆಯವರು ಇಷ್ಟವಾದಾಗ ಅರ್ಧ ತೆಲುಗಿಗೆ ಇಳಿಯುತ್ತಾರೆ. "ಅತ್ಗೆ, ಇಷ್ಟು ವರ್ಷದಾಗೆ ನಿನ್ ಮನೇಲಿ ಇಂತಾ ಸಾರು ನಾನು ಉಂಡಿಲ್ಲ."

ಅವ್ವ ಎಡಗೈಯಲ್ಲಿ ಚಮಚ ಹಿಡಿದು ಸಾರು ರುಚಿ ನೋಡುತ್ತಿದ್ದವಳು ಹಾಗೇ ನಿಂತಳು. ಅವಳು ಜೀವಮಾನವೆಲ್ಲ ಕಾದ ಮಾತು ಬಂದಿತ್ತು, ಬೇರೆಯವರ ಕಟ್ಟಿಗೆ ಬಂದಿತ್ತು. ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ.

"ನನ್ ಕೈಯೇ ಕಣಮ್ಮ ಅವನಿಗೂ ಬಂದಿರಾದು" ಅಂದಳು ಅವ್ವ.

ಸಂಜೆ ಅತ್ತೆಯನ್ನು ಬಸ್ಸು ಹತ್ತಿಸಿ ಬಂದಾಗ ಅವ್ವ ಹಿತ್ತಲಲ್ಲಿದ್ದಳು. ಕರಿಬೇವಿನ ಬುಡದಲ್ಲಿ ಬೇಳೆ ಚೂರು ಬಿದ್ದು ಇರುವೆ ಸಾಲು ಹಿಡಿದಿತ್ತು. "ಇರುವೆಗೆಲ್ಲ ಹಬ್ಬ ಮಾಡೀಯ" ಅಂದಳು. "ಕಡ್ಲೆಬೇಳೆ ಪಕ್ಕದ್ ಮನೇದು, ತೊಗರಿ ಮೂಲೆಮನೆ ಮುದುಕೀದು. ಇನ್ನೊಂದು ಯಾರ್ದು?"

ನಾನು ಹೇಳಿದೆ. ತಲೆಯಾಡಿಸಿ ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈ ವರ್ಷ ಅವ್ವನ ಕೈ ಸರಿಯಾಗಿದೆ. ಯುಗಾದಿಯ ಬೆಳಿಗ್ಗೆ ಬೇಳೆ ಬಸಿದದ್ದು ಅವಳೇ. ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ತನ್ನ ಕಟ್ಟನ್ನು ದೊಡ್ಡ ಪಾತ್ರೆಗೆ ಬಗ್ಗಿಸಿದಳು, ಅರ್ಧಕ್ಕೆ ಬಂತು. ಹೊರಬಾಗಿಲ ಕಡೆ ಒಮ್ಮೆ ನೋಡಿ, ಚೊಂಬನ್ನೂ ಟವೆಲನ್ನೂ ನನ್ನ ಕೈಗಿಟ್ಟಳು.

"ಹೋಗು, ಆ ಮೂರ್ ಮನೇಲೂ ಇಸ್ಕೊಂಬಾ. ಈ ಸಲಾನೂ ಗಿಡಕ್ಕೆ ಹುಯ್ದುಬುಟ್ಟೆ ಅಂತ ಹೇಳು."