ಅರಳದ ಮೊಗ್ಗಿನ ಕಾವಲು

ಉಮಾಮಹೇಶ್ವರನಿಗೆ ಆದ ಅನ್ಯಾಯವನ್ನು ನಾನೇ ಹೇಳಬೇಕು. ಅದನ್ನು ಟೈಪ್ ಮಾಡಿದವಳೂ ನಾನೇ.

೧೯೬೮ರಲ್ಲಿ, ನಾನು ಟೈಪಿಸ್ಟ್ ಆಗಿದ್ದ ಕೊಚ್ಚಿಯ ಒಂದು ಸಸ್ಯ ಪ್ರಯೋಗಾಲಯದಲ್ಲಿ, ಅವನು ಗಾಜಿನ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ. ಊರು ನಂಜನಗೂಡು, ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಬಾಡಿಗೆ ಕೋಣೆ. ಬಸ್ಸಿನಲ್ಲಿ ಮೀನಿನ ಬುಟ್ಟಿ ಕಂಡರೆ ಮೂಗು ಮುಚ್ಚುವ ಮಡಿವಂತ, ತೊಟ್ಟಿಯ ಬಸವನಹುಳುಗಳನ್ನು ಮಾತ್ರ ಬರಿಗೈಯಲ್ಲಿ ಹೆಕ್ಕುತ್ತಿದ್ದ. ಬಿಟ್ಟರೆ ಅವು ಗಿಡವನ್ನೇ ತಿಂದು ಮುಗಿಸುತ್ತಿದ್ದವು.

ಗಿಡದ ಹೆಸರು ಬಾರ್ಕ್ಲಯ. ಸಿಂಗಾಪುರದ ಹಡಗಿನಲ್ಲಿ ಬಂದದ್ದು. ನೈದಿಲೆಯ ನೆಂಟನಾದರೂ ಇದರ ಎಲೆ ತೇಲುವುದಿಲ್ಲ. ಅಂಚು ಸುಕ್ಕುಗಟ್ಟಿದ ಉದ್ದನೆಯ ಎಲೆಗಳು ನೀರೊಳಗೇ ಇರುತ್ತವೆ. ಅದು ಮೊಗ್ಗು ಬಿಟ್ಟ ವಾರವೇ ಊರಿನಿಂದ ಕಾಗದ ಬಂತು. ಅವನ ಹೆಂಡತಿ ಶಾಂತಾ ತವರಿನಲ್ಲಿ ಹೆಣ್ಣು ಹೆತ್ತಿದ್ದಳು. ಅಪ್ಪ ಬರಲಿ ಎಂದು ನಾಮಕರಣ ತಡೆದಿದ್ದರು.

ಅವನು ನಮ್ಮ ಮೇಲಧಿಕಾರಿ ಡಾಕ್ಟರ್ ಶಂಕರನಾರಾಯಣರ ಮುಂದೆ ನಿಂತ.

"ಸಾರ್, ಒಂದು ವಾರ ಊರಿಗೆ ಹೋಗ್ಬರ್ತೀನಿ. ಮಗು ನೋಡ್ಬೇಕು."

"ಹೋಗುವಿಯಂತೆ ಕಣಯ್ಯಾ. ಮೊದಲು ಆ ಮೊಗ್ಗು ಅರಳಲಿ. ಅರಳಿದ ಗಳಿಗೆ ಬರೆದಿಡು, ಅವತ್ತೇ ರೈಲು ಹತ್ತು. ಮಗು ಎಲ್ಲಿಗೆ ಓಡಿಹೋಗತ್ತೆ?"

ಆ ದಿನದಿಂದ ತೊಟ್ಟಿಯ ಎದುರು ಸ್ಟೂಲ್ ಹಾಕಿ ಕೂತ. ಬೆಳಗಿನಿಂದ ದೀಪ ಹಚ್ಚುವವರೆಗೆ, ಗಂಟೆಗೊಮ್ಮೆ, ಪುಸ್ತಕದಲ್ಲಿ 'ಅರಳಿಲ್ಲ' ಎಂದು ಬರೆಯುತ್ತಿದ್ದ. ಊಟವೂ ಅಲ್ಲೇ.

"ನಿರ್ಮಲಕ್ಕಾ, ಹೆಸರು ಯೋಚ್ನೆ ಮಾಡಿದೀನಿ. ಯಾರಿಗೂ ಹೇಳಲ್ಲ. ಮೊದಲು ಅವಳ ಕಿವೀಲೇ ಹೇಳೋದು," ಎಂದ.

ಎರಡನೆಯ ವಾರ ಡಾಕ್ಟರು ನನ್ನಿಂದ ಲೇಖನದ ಕರಡು ಟೈಪ್ ಮಾಡಿಸಿದರು. ಈ ಗಿಡದ ಕೆಲವು ಮೊಗ್ಗುಗಳು ಅರಳುವುದೇ ಇಲ್ಲವಂತೆ. ಮುಚ್ಚಿಕೊಂಡೇ, ನೀರಿನೊಳಗೇ ಬೀಜ ಕಟ್ಟುತ್ತವಂತೆ. ನಮ್ಮ ತೊಟ್ಟಿಯ ಮೊಗ್ಗೂ ಅಂಥದ್ದೇ ಎಂದು ಕರಡಿನಲ್ಲಿತ್ತು. ಹಾಗೆಂದು ತೋರಿಸಲು ಯಾರಾದರೂ ಎಡೆಬಿಡದೆ ಕಾದಿರಬೇಕು. ನನ್ನ ಬೆರಳು ನಿಂತಿತು.

"ಅವನಿಗೆ ಹೇಳಬಾರದೇ ಸಾರ್?"

"ಹೇಳಿದ್ರೆ ತೂಕಡಿಸ್ತಾನೆ. ಅರಳತ್ತೆ ಅಂತ ನಂಬಿದವನೇ ಕಣ್ಣಲ್ಲಿ ಕಣ್ಣಿಟ್ಟು ಕಾಯೋದು. ನೀವು ಟೈಪ್ ಮಾಡಿ."

ಟೈಪ್ ಮಾಡಿದೆ. ಕೆಲಸ ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡೆ. ಅವತ್ತು ಮನೆಗೆ ಹೋಗಿ ಹೊಟ್ಟೆತುಂಬ ಉಂಡೆ ಕೂಡ. ಅದಕ್ಕೆ ಇಂದಿಗೂ ನನಗೆ ನನ್ನ ಮೇಲೆ ಹೇಸಿಗೆ.

ಮೊಗ್ಗು ಉಬ್ಬುತ್ತಾ ಹೋಯಿತು. ಇಪ್ಪತ್ತೊಂಬತ್ತನೆಯ ದಿನ ಟೆಲಿಗ್ರಾಂ ಬಂತು. ಜ್ವರ ಬಂದು ಮಗು ಹೋಗಿತ್ತು. ಅವನು ಎರಡು ಸಲ ಓದಿಕೊಂಡು ನನ್ನ ಮೇಜಿಗೆ ಬಂದ.

"ಅಕ್ಕಾ, ಮೊಗ್ಗು ಇನ್ನೂ ಅರಳಿಲ್ಲ. ರಜಾ ಕೊಡ್ತಾರಾ?"

"ಅದು ಅರಳಲ್ಲ ಉಮಾಮಹೇಶ್ವರ. ಅರಳೋ ಜಾತಿಯ ಮೊಗ್ಗಲ್ಲ ಅದು," ಎಂದೆ. "ನನಗೆ ಎರಡು ವಾರದಿಂದ ಗೊತ್ತು."

ಅವನು ಕೈಯಲ್ಲಿದ್ದ ಪುಸ್ತಕ ಮುಚ್ಚಿ ನನ್ನ ಮೇಜಿನ ಮೇಲಿಟ್ಟು ಹೋದ. ರಜೆ ತಕ್ಷಣ ಸಿಕ್ಕಿತು. ಡಾಕ್ಟರಿಗೆ ಬೇಕಾದದ್ದು ಆ ಪುಸ್ತಕ ಮಾತ್ರ.

ಲೇಖನಕ್ಕೆ ಹೆಸರು ಬಂತು, ಡಾಕ್ಟರಿಗೆ ತಿರುವನಂತಪುರಕ್ಕೆ ಬಡ್ತಿ ಬಂತು. ನಮಗಿಬ್ಬರಿಗೂ ಅಲ್ಲಿಗೇ ವರ್ಗ. ಶಾಂತಾ ಗಂಡನ ಜೊತೆ ಬರಲೇ ಇಲ್ಲ. ೧೯೭೪ರಲ್ಲಿ ಡಾಕ್ಟರಿಗೆ ಸನ್ಮಾನವಾದ ದಿನ ಉಮಾಮಹೇಶ್ವರ ಅತಿಥಿಗಳಿಗೆ ಕಾಫಿ ಕೊಡುತ್ತಿದ್ದ. ಬೆಂಗಳೂರಿನಿಂದ ಬಂದ ಹೆಂಗಸೊಬ್ಬರು ಕನ್ನಡ ಕೇಳಿದ ಖುಷಿಗೆ ಮಾತಿಗೆಳೆದರು.

"ಮಕ್ಕಳೆಷ್ಟು ನಿಮಗೆ?"

"ಒಂದು ಹೆಣ್ಣಿತ್ತಮ್ಮ."

"ಅಯ್ಯೋ ಪಾಪ. ಏನು ಹೆಸರು?"

ಅವನು ತಟ್ಟೆಯ ಲೋಟಗಳನ್ನು ಸರಿಯಾಗಿ ಜೋಡಿಸಿಕೊಂಡ. "ಇನ್ನೂ ಇಟ್ಟಿರಲಿಲ್ಲಮ್ಮ," ಎಂದು ಮುಂದಿನವರಿಗೆ ಕಾಫಿ ಕೊಟ್ಟ.