ಮೋಟಾರಿನಲ್ಲಿ ಬಂದ ಮಣ್ಣು

ನಿಮ್ಮ ಗಂಡನ, ನನ್ನ ಅಣ್ಣನ ಕಾಲ ಕೆಳಗಿನ ನೆಲವನ್ನು ಟೊಳ್ಳು ಮಾಡಿದವನು ನಾನು, ವೈನಿ. ಅವನು ಮಣ್ಣು ತುಂಬಿದ ಬಾವಿಯ ತಪ್ಪಲ್ಲ, ದೇವರ ಆಟವೂ ಅಲ್ಲ — ನಾನು. ಆರು ವರ್ಷ ಈ ಮಾತನ್ನು ನುಂಗಿಕೊಂಡೇ ನಿಮ್ಮ ಮನೆಯಲ್ಲಿ ಉಂಡಿದ್ದೇನೆ.

ನಿಮಗೆ ಗೊತ್ತಿರುವುದು ಇಷ್ಟು: ಅಕ್ಕಲಕೋಟೆ ರಸ್ತೆಯ ನಮ್ಮ ಹೊಲದಲ್ಲಿ ಅಪ್ಪನ ಕಾಲದ ಬಾವಿಯನ್ನು ಅಣ್ಣ ಕಲ್ಲು ಮಣ್ಣು ಹಾಕಿ ಮುಚ್ಚಿದ, ಮೇಲೆ ಕೊಟ್ಟಿಗೆ ಕಟ್ಟಿದ, ಒಂದು ಮುಂಜಾನೆ ಎಮ್ಮೆಯ ಹಾಲು ಕರೆಯುತ್ತ ಕುಳಿತಾಗ ನೆಲ ಬಾಯಿ ತೆರೆಯಿತು, ಅವನ ಜೊತೆ ಅಲ್ಲೇ ಕಟ್ಟಿದ್ದ ನನ್ನ ಎಮ್ಮೆಗಳೂ ಒಳಗೆ ಬಿದ್ದವು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ನನ್ನ ಬೋರ್‌ವೆಲ್ಲೂ ನಿಮಗೆ ಗೊತ್ತು. ಅದು ಏನು ಎತ್ತುತ್ತಿತ್ತು ಎಂಬುದು ಮಾತ್ರ —

ಸೋಲಾಪುರದಲ್ಲಿ ಮನೆ ಕಟ್ಟುವವರಿಗೆ ನಾನು ಟ್ಯಾಂಕರ್ ನೀರು ಮಾರುತ್ತಿದ್ದೆ. ಕರೆಂಟು ಇದ್ದಷ್ಟು ಹೊತ್ತೂ ಮೋಟಾರ್ ಓಡುತ್ತಿತ್ತು. ನೆಲ ಕುಸಿಯುವ ಎರಡು ತಿಂಗಳ ಮೊದಲು ನೀರು ರಾಡಿಯಾಗಿ ಬರತೊಡಗಿತು. ರಿಪೇರಿಗೆ ಬಂದ ಮೆಹಬೂಬ್ ಬಕೆಟ್ಟಿನ ತಳದಲ್ಲಿ ಕೂತ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ.

“ಮಾಲಕ್ರ, ಇದು ಬರೇ ನೀರಲ್ಲರಿ, ನೆಲಾ ಬರಾಕತ್ತದ. ಹಳೀ ಬಾವಿಯೊಳಗ ನೀರಿದ್ದಾಗ ಮಣ್ಣಿಗೆ ಆಧಾರ ಇತ್ತು. ಈಗ ನೀರು ಇಳದಂಗ ಮಣ್ಣೂ ಜಾರಾಕತ್ತದ. ಮೋಟಾರ್ ಬಂದ್ ಮಾಡ್ರಿ. ಎಮ್ಮಿ ಬ್ಯಾರೆ ಕಡೆ ಕಟ್ಟಾಕ ಹೇಳ್ರಿ.”

“ಅಣ್ಣಗ ಹೇಳಬ್ಯಾಡ,” ಎಂದೆ. “ಮೋಟಾರ್ ಇನ್ನಷ್ಟು ಕೆಳಗ ಬಿಡು.”

ಕೆಲವು ದಿನಗಳಲ್ಲಿ ಕೊಟ್ಟಿಗೆಯ ನೆಲದಲ್ಲಿ ಸಣ್ಣ ಬಿರುಕು ಕಂಡಿತು. ಅಣ್ಣ ಅದರ ಮೇಲೆ ಸೆಗಣಿ ಸಾರಿಸಿದ. ನಾನು ನೋಡುತ್ತ ನಿಂತಿದ್ದೆ — ಬಾಯಿ ತೆರೆದಿದ್ದರೆ ಸಾಕಿತ್ತು.

ಸೊಂಟ ಮುರಿದು ಅವನು ಮೂರು ವರ್ಷ ಹಾಸಿಗೆ ಹಿಡಿದ. “ಸರೀ ತುಂಬಿದ್ರ ಹಿಂಗ್ಯಾಕ ಆಗ್ತಿತ್ತು?” ಎಂದು ನೀವೂ ಬೇಸತ್ತು ಸಿಡುಕಿದ್ದುಂಟು, ನಾನು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ. ಸಾಯುವ ವಾರ ಅವನು ನನ್ನ ಕೈ ಹಿಡಿದುಕೊಂಡ.

“ತಮ್ಮಾ, ನನ್ನ ತಪ್ಪಿಗೆ ನಿನ್ನ ಎಮ್ಮಿಗೋಳೂ ಸತ್ತು ಹೋದ್ವು. ಮಾಫ್ ಮಾಡಪಾ.”

“ಮಾಡೀನಿ, ಬಿಡಣ್ಣಾ.”

ಮಾಫ್ ಮಾಡಿದೆ. ನಾನು — ಅವನನ್ನು. ಅವನ ಮುಖ ಹಗುರಾಯಿತು. ಆ ಮುಖವನ್ನು ನೆನೆದರೆ…

ಮೋಟಾರನ್ನು ನಾನು ಆಮೇಲೂ ನಿಲ್ಲಿಸಿರಲಿಲ್ಲ, ವೈನಿ. ಮರುವರ್ಷ ಬೋರ್ ಬತ್ತಿತು, ಅದಕ್ಕೇ ನಿಂತಿತು.

ನಿಮ್ಮ ಕಣ್ಣಿಗೆ ಪೊರೆ ಬಂದಿದೆ; ಮಗಳು ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಆಡುತ್ತಾಳೆ, ಓದಲು ಬಾರದು. ಈ ಕಾಗದವನ್ನು ನಿಮಗೆ ಓದಿ ಹೇಳುವವರಿಲ್ಲ ಎಂಬ ಧೈರ್ಯದಲ್ಲೇ ಇಷ್ಟೆಲ್ಲ ಬರೆದೆನೇನೋ — ಅದೂ ಕಳ್ಳತನವೇ. ಆದ್ದರಿಂದ ನಾಳೆ ಮುಂಜಾನೆ ನಾನೇ ಬರುತ್ತೇನೆ. ಒಳಗೆ ಬರುವುದಿಲ್ಲ, ಕಟ್ಟೆಯ ಮೇಲೆ ನಿಂತು, ಬಾವಿ ತುಂಬಲು ಬಾರದವನೆಂದು ಅಣ್ಣನನ್ನು ಆಡಿಕೊಂಡ ಓಣಿಯ ಮಂದಿಗೂ ಕೇಳುವಂತೆ, ಒಂದು ಸಾಲೂ ಬಿಡದೆ ಓದುತ್ತೇನೆ. ನಡುವೆ ನನ್ನ ಗಂಟಲು ಕಟ್ಟಿದರೆ, ನೀರು ತರಬೇಡಿ.